ಎರಡು ಹಳಿಗಳ ನಡುವಿನ ಮಾತು: ಹೆಮಿಂಗ್ವೆಯ ಕತೆಯೊಂದರಲ್ಲಿ ಅಧಿಕಾರ ಮತ್ತು ಮೌನ

ಗಂಡು ಹೆಣ್ಣಿನ ನಡುವಿನ ಅಸಮಾನತೆಯನ್ನು ಸಣ್ಣಕತೆ ಹಲವು ಬಗೆಗಳಲ್ಲಿ ತೋರಿಸಿದೆ. ಹೊಡೆತ, ಬೈಗುಳ, ತವರಿಗೆ ಅಟ್ಟುವುದು, ಮನೆಯ ಬೀಗದ ಕೈ ಕಿತ್ತುಕೊಳ್ಳುವುದು ಮೊದಲಾದ ಕಣ್ಣಿಗೆ ಕಾಣುವ ಕ್ರಿಯೆಗಳ ಮೂಲಕ ಅದನ್ನು ಹೇಳುವುದು ಒಂದು ದಾರಿಯಾದರೆ, ಅಂಥದ್ದೇನೂ ನಡೆಯದೆ ಇಬ್ಬರೂ ಸಭ್ಯವಾಗಿ ಮಾತಾಡುತ್ತಿರುವ ಹೊತ್ತಿನಲ್ಲೇ ಒಬ್ಬರ ಇಚ್ಛೆ ಇನ್ನೊಬ್ಬರ ಇಚ್ಛೆಯನ್ನು ಸದ್ದಿಲ್ಲದೆ ಅದುಮುವುದನ್ನು ತೋರಿಸುವುದು ಇನ್ನೊಂದು, ಹೆಚ್ಚು ಕಷ್ಟದ ದಾರಿ. ಈ ಎರಡನೆಯ ದಾರಿಯನ್ನು ಹಿಡಿದ ಕತೆಗಳಲ್ಲಿ ಅರ್ನೆಸ್ಟ್ ಹೆಮಿಂಗ್ವೆಯ ‘ಹಿಲ್ಸ್ ಲೈಕ್ ವೈಟ್ ಎಲಿಫೆಂಟ್ಸ್’, ಎಂದರೆ ‘ಬಿಳಿಯಾನೆಗಳಂಥ ಗುಡ್ಡಗಳು’, ವಿಮರ್ಶಕರನ್ನು ಬಹುವಾಗಿ ಕಾಡಿದ ಕತೆ. ಪ್ಯಾರಿಸ್‌ನಿಂದ ಹೊರಡುತ್ತಿದ್ದ ‘ಟ್ರಾನ್ಸಿಶನ್’ ಎಂಬ ಸಾಹಿತ್ಯ ಪತ್ರಿಕೆಯಲ್ಲಿ 1927ರ ಆಗಸ್ಟ್‌ನಲ್ಲಿ ಮೊದಲು ಅಚ್ಚಾಗಿ, ಅದೇ ಅಕ್ಟೋಬರ್‌ನಲ್ಲಿ ‘ಮೆನ್ ವಿದೌಟ್ ವಿಮೆನ್’ ಸಂಕಲನವನ್ನು ಸೇರಿದ ಈ ಕತೆ ಕೆಲವೇ ಪುಟಗಳಷ್ಟು ಉದ್ದವಿದ್ದರೂ, ಅದರೊಳಗಿನ ಜೋಡಿಯಲ್ಲಿ ಅಧಿಕಾರ ಯಾರ ಕೈಯಲ್ಲಿದೆ, ಅವರ ಜಗಳ ಬಾಯಿಬಿಟ್ಟು ಆಡದ ಜಗಳವಾಗಿ ಏಕೆ ಉಳಿಯುತ್ತದೆ, ಕೊನೆಯ ತೀರ್ಮಾನ ಯಾರದು ಎಂಬ ಪ್ರಶ್ನೆಗಳಿಗೆ ಒಮ್ಮತದ ಉತ್ತರ ಇಂದಿಗೂ ದೊರೆತಿಲ್ಲ.

ಕತೆಯ ಹೊರಗಿನ ಸಂಗತಿಗಳು ಬಹಳ ಕಡಿಮೆ. ಸ್ಪೇನ್ ದೇಶದ ಎಬ್ರೋ ನದಿಯ ಕಣಿವೆಯಲ್ಲಿ, ಎರಡು ಜೋಡಿ ಹಳಿಗಳ ನಡುವೆ ಇರುವ ಒಂದು ಜಂಕ್ಷನ್ನಿನಲ್ಲಿ, ಬಾರ್ಸಿಲೋನಾದಿಂದ ಬಂದು ಮ್ಯಾಡ್ರಿಡ್‌ಗೆ ಹೋಗುವ ಎಕ್ಸ್‌ಪ್ರೆಸ್ ರೈಲಿಗಾಗಿ ಒಬ್ಬ ಅಮೆರಿಕನ್ ಮತ್ತು ಅವನ ಜೊತೆಯ ಹುಡುಗಿ ಕಾಯುತ್ತಿದ್ದಾರೆ. ರೈಲು ಬರಲು ನಲವತ್ತು ನಿಮಿಷಗಳಿವೆ, ಬಂದರೆ ಅದು ನಿಲ್ಲುವುದು ಎರಡೇ ನಿಮಿಷ. ಬಿಸಿಲು ತೀವ್ರವಾಗಿರುವುದರಿಂದ ಅವರು ಕಟ್ಟಡದ ನೆರಳಿನಲ್ಲಿ, ನೊಣ ಬಾರದಂತೆ ಬಿದಿರಿನ ಮಣಿಗಳ ಪರದೆ ಇಳಿಬಿಟ್ಟ ಬಾರಿನ ಬಾಗಿಲ ಬಳಿ ಕುಳಿತು ಬಿಯರ್ ಕುಡಿಯುತ್ತಾರೆ, ಹೊಸದೊಂದು ಮದ್ಯದ ರುಚಿ ನೋಡುತ್ತಾರೆ, ನಡುನಡುವೆ ಒಂದು ಶಸ್ತ್ರಚಿಕಿತ್ಸೆಯ ವಿಷಯ ಮಾತಾಡುತ್ತಾರೆ. ಆ ಶಸ್ತ್ರಚಿಕಿತ್ಸೆ ಗರ್ಭಪಾತವೆಂಬುದು ಓದುಗರಿಗೆ ಬೇಗನೆ ತಿಳಿಯುತ್ತದೆ. ಆದರೆ ಗರ್ಭ, ಮಗು, ಗರ್ಭಪಾತ ಎಂಬ ಮಾತುಗಳು ಕತೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಅವಳಿಗೆ ಜಿಗ್ ಎಂಬ ಹೆಸರಿರುವುದು ಅವನ ಬಾಯಿಂದ ತಿಳಿಯುತ್ತದೆ, ಅವನ ಹೆಸರಂತೂ ತಿಳಿಯುವುದೇ ಇಲ್ಲ.

ಹೇಳದೆ ಬಿಡುವ ಈ ಬರವಣಿಗೆಗೆ ಹೆಮಿಂಗ್ವೆ 1932ರ ‘ಡೆತ್ ಇನ್ ದಿ ಆಫ್ಟರ್‌ನೂನ್’ ಪುಸ್ತಕದಲ್ಲಿ ತಾನೇ ಒಂದು ವಿವರಣೆ ಕೊಟ್ಟಿದ್ದಾನೆ. ನೀರಿನಲ್ಲಿ ಸಾಗುವ ಹಿಮಬಂಡೆಯ ಎಂಟನೆಯ ಒಂದು ಭಾಗವಷ್ಟೇ ಮೇಲೆ ಕಾಣುವಂತೆ, ಲೇಖಕನಿಗೆ ಚೆನ್ನಾಗಿ ತಿಳಿದಿರುವುದನ್ನು ಬಿಟ್ಟು ಬರೆದರೂ ಅದರ ಭಾರ ಓದುಗನಿಗೆ ತಟ್ಟುತ್ತದೆ ಎಂಬ ಈ ಮಾತನ್ನು ವಿಮರ್ಶೆ ‘ಹಿಮಬಂಡೆಯ ತತ್ತ್ವ’ ಎಂದು ಕರೆಯುತ್ತ ಬಂದಿದೆ. ಇದೇ ಲಕ್ಷಣವನ್ನು ಫ್ರೆಂಚ್ ಕಥನಶಾಸ್ತ್ರಜ್ಞ ಜೆರಾರ್ ಜೆನೆಟ್ 1972ರಲ್ಲಿ ‘ಬಾಹ್ಯ ನಾಭೀಕರಣ’ ಎಂದು ವಿವರಿಸಿದ. ನಿರೂಪಕನು ಪಾತ್ರಗಳ ಮನಸ್ಸಿನೊಳಗೆ ಹೋಗದೆ, ಹೊರಗೆ ನಿಂತು ನೋಡಿದವನಿಗೆ ಕಂಡದ್ದು ಕೇಳಿದ್ದಿಷ್ಟನ್ನೇ ಹೇಳುವ ಕ್ರಮ ಇದು, ಮತ್ತು ಜೆನೆಟ್ ಕೊಟ್ಟ ಉದಾಹರಣೆಗಳಲ್ಲಿ ಈ ಕತೆಯೂ ಒಂದು. ಆದರೆ ಈ ಎರಡು ವಿವರಣೆಗಳೂ ಮೌನವನ್ನು ಬರವಣಿಗೆಯ ಕುಶಲತೆಯೆಂದಷ್ಟೇ ನೋಡುತ್ತವೆ. ಹೇಳದೆ ಬಿಡುತ್ತಿರುವವನು ಕೇವಲ ಲೇಖಕನಲ್ಲ. ಕತೆಯೊಳಗಿನ ಗಂಡಸೂ ಹೇಳದೆ ಬಿಡುತ್ತಿದ್ದಾನೆ, ಮತ್ತು ಹಾಗೆ ಬಿಡುವುದರಿಂದ ಅವನಿಗೆ ಲಾಭವಿದೆ. ಕತೆಯ ಮೌನ ಮತ್ತು ಪಾತ್ರದ ಮೌನ ಬೇರೆ ಬೇರೆ ಎಂಬುದನ್ನು ಗಮನಿಸದ ಓದು ಈ ಕತೆಯ ತಂತ್ರವನ್ನು ಹೊಗಳಿ ಅದರ ಸಂಕಟವನ್ನು ಕಾಣದೆ ಹೋಗುತ್ತದೆ.

ಅಧಿಕಾರದ ಸಾಮಗ್ರಿಗಳನ್ನು ಕತೆ ಎಷ್ಟು ಸಣ್ಣ ವಿವರಗಳಲ್ಲಿ ಇರಿಸಿದೆ ಎಂಬುದಕ್ಕೆ ಮದ್ಯವನ್ನು ತರಿಸುವ ಪ್ರಸಂಗವನ್ನು ಹತ್ತಿರದಿಂದ ನೋಡಬೇಕು. ಮಣಿಪರದೆಯ ಮೇಲೆ ಏನೋ ಬಣ್ಣದಲ್ಲಿ ಬರೆದಿರುವುದು ಹುಡುಗಿಯ ಕಣ್ಣಿಗೆ ಬೀಳುತ್ತದೆ, ಆದರೆ ಅದನ್ನು ಓದಲು ಅವಳಿಗೆ ಬರುವುದಿಲ್ಲ. ಅದು ಒಂದು ಮದ್ಯದ ಹೆಸರೆಂದು ಅವನು ಹೇಳುತ್ತಾನೆ, ರುಚಿ ನೋಡಬಹುದೇ ಎಂದು ಅವಳು ಕೇಳುತ್ತಾಳೆ, ಅವನು ಪರದೆಯಾಚೆಗೆ ಕೂಗಿ ತರಿಸುತ್ತಾನೆ. ನೀರು ಬೆರೆಸಬೇಕೋ ಬೇಡವೋ ಎಂದು ಬಾರಿನ ಹೆಂಗಸು ಕೇಳಿದ ಪ್ರಶ್ನೆ ಅವನ ಮೂಲಕವೇ ಹುಡುಗಿಗೆ ತಲುಪುತ್ತದೆ. ಅವಳು ತನಗೆ ತಿಳಿಯದೆಂದು ಹೇಳಿ, ನೀರು ಬೆರೆಸಿದರೆ ಚೆನ್ನಾಗಿರುತ್ತದೆಯೇ ಎಂದು ಮತ್ತೆ ಅವನನ್ನೇ ಕೇಳುತ್ತಾಳೆ. ಒಂದು ಲೋಟ ಪಾನೀಯದ ಬಗ್ಗೆ ಕೂಡ ತನಗೇನು ಬೇಕೆಂಬುದನ್ನು ಅವನನ್ನು ಕೇಳಿಯೇ ತಿಳಿಯಬೇಕಾದ ಸ್ಥಿತಿ ಅವಳದು. ಸ್ಪ್ಯಾನಿಷ್ ಭಾಷೆ ಅವನ ವಶದಲ್ಲಿದೆ, ರೈಲಿನ ವೇಳೆ ಅವನ ಮೂಲಕ ಗೊತ್ತಾಗಬೇಕು, ಭಾರವಾದ ಎರಡು ಬ್ಯಾಗುಗಳನ್ನು ಎತ್ತಿಡುವವನು ಅವನೇ. ಅವರು ಇದುವರೆಗೆ ರಾತ್ರಿ ಕಳೆದ ಹೋಟೆಲುಗಳ ಚೀಟಿಗಳೆಲ್ಲ ಆ ಬ್ಯಾಗುಗಳ ಮೇಲೆ ಅಂಟಿಕೊಂಡಿವೆ. ಮನೆ, ನೆಂಟರು, ಸ್ವಂತ ದುಡಿಮೆ, ಊರು ಇವುಗಳಲ್ಲಿ ಯಾವುದೂ ಅವಳಿಗಿರುವ ಸೂಚನೆಯನ್ನು ಕತೆ ಕೊಡುವುದಿಲ್ಲ. ಅವನು ದಬ್ಬಾಳಿಕೆಗಾರನಂತೆ ವರ್ತಿಸುವುದಿಲ್ಲ ಎಂಬುದು ನಿಜ. ವರ್ತಿಸುವ ಅಗತ್ಯವೇ ಅವನಿಗಿಲ್ಲ.

ರಾಜ್ಯಶಾಸ್ತ್ರದಲ್ಲಿ ಅಧಿಕಾರದ ಬಗ್ಗೆ ನಡೆದ ಚರ್ಚೆ ಇಲ್ಲಿ ನೆರವಿಗೆ ಬರುತ್ತದೆ. ಬಹಿರಂಗ ವಾದದಲ್ಲಿ ಗೆಲ್ಲುವುದು ಅಧಿಕಾರದ ಒಂದು ಮುಖವಷ್ಟೇ, ಯಾವ ವಿಷಯ ವಾದಕ್ಕೆ ಬರಬಾರದೆಂಬುದನ್ನು ಮೊದಲೇ ನಿಗದಿಮಾಡುವುದು ಅದರ ಎರಡನೆಯ ಮುಖ ಎಂದು ಪೀಟರ್ ಬಕ್ರಾಕ್ ಮತ್ತು ಮಾರ್ಟನ್ ಬರಾಟ್ಜ್ 1962ರಲ್ಲಿ ವಾದಿಸಿದರು. ಅಧೀನದಲ್ಲಿರುವವರು ತಮ್ಮ ಬಯಕೆಯನ್ನೇ ಮೇಲಿನವರ ಇಷ್ಟಕ್ಕೆ ತಕ್ಕಂತೆ ರೂಪಿಸಿಕೊಳ್ಳುವಂತೆ ಮಾಡುವುದು ಮೂರನೆಯದು ಎಂದು ಸ್ಟೀವನ್ ಲೂಕ್ಸ್ 1974ರಲ್ಲಿ ಸೇರಿಸಿದ. ಕತೆಯ ಅಮೆರಿಕನ್‌ನಲ್ಲಿ ಈ ಮೂರೂ ಇವೆ, ಮತ್ತು ಮೂರನೆಯದರಲ್ಲಿ ಕತೆಯ ನಿಜವಾದ ತಿರುಳಿದೆ. ಶಸ್ತ್ರಚಿಕಿತ್ಸೆ ಬಹಳ ಸುಲಭದ್ದೆಂದು ಅವನು ಮತ್ತೆ ಮತ್ತೆ ಹೇಳುತ್ತಾನೆ. ಆದರೆ ಅದಕ್ಕಿಂತ ಹೆಚ್ಚು ಒತ್ತಿ ಅವನು ಹೇಳುವುದು, ಅವಳಿಗೆ ಇಷ್ಟವಿಲ್ಲದಿದ್ದರೆ ಮಾಡಿಸಿಕೊಳ್ಳಬಾರದು ಎಂಬುದನ್ನು. ಮೇಲ್ನೋಟಕ್ಕೆ ಉದಾರವಾಗಿ ಕಾಣುವ ಈ ಮಾತೇ ಇಡೀ ಸಂಭಾಷಣೆಯಲ್ಲಿ ಅತ್ಯಂತ ಕಠಿಣವಾದ ಬೇಡಿಕೆ. ತನ್ನ ಬಗ್ಗೆ ತನಗೆ ಕಾಳಜಿಯಿಲ್ಲ, ಆದ್ದರಿಂದ ಮಾಡಿಸಿಕೊಳ್ಳುತ್ತೇನೆ ಎಂದು ಅವಳು ಒಪ್ಪಿದ ಗಳಿಗೆಯಲ್ಲಿ ಅವನು ಬಯಸಿದ್ದು ಸಿಕ್ಕಿದೆ, ಆದರೂ ಅವನಿಗೆ ತೃಪ್ತಿಯಾಗುವುದಿಲ್ಲ, ಏಕೆಂದರೆ ಅಂಥ ಒಪ್ಪಿಗೆಯಲ್ಲಿ ಒತ್ತಾಯದ ಗುರುತು ಉಳಿದಿರುತ್ತದೆ. ಅವಳು ಮಾಡಿಸಿಕೊಂಡರೆ ಸಾಲದು, ಮನಸಾರೆ ಬಯಸಿ ಮಾಡಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸೆಯ ಜೊತೆಗೆ ತನ್ನ ಮೇಲೆ ಯಾವ ಹೊಣೆಯೂ ಇಲ್ಲವೆಂಬ ಪ್ರಮಾಣಪತ್ರವನ್ನೂ ಅವಳೇ ಬರೆದುಕೊಡಬೇಕು. ಅವರ ಜಗಳ ಬಾಯಿಗೆ ಬಾರದಿರುವುದಕ್ಕೆ ಕಾರಣ ಇದೇ: ಎದುರಾಳಿ ತನ್ನ ಬೇಡಿಕೆಯನ್ನು ಬೇಡಿಕೆಯೆಂದೇ ಒಪ್ಪದಿರುವಾಗ ಅದನ್ನು ನಿರಾಕರಿಸಲು ಅವಳಿಗೆ ದಾರಿಯೇ ಇರುವುದಿಲ್ಲ.

ಭಾಷಾಶಾಸ್ತ್ರದ ಕಡೆಯಿಂದ ಬಂದ ಓದುಗಳು ಈ ಜೋಡಿಯನ್ನು ಬೇರೊಂದು ಬಗೆಯಲ್ಲಿ ವಿವರಿಸಿವೆ. ಹೆಣ್ಣುಮಕ್ಕಳ ಮಾತಿನಲ್ಲಿ ಹಿಂಜರಿಕೆಯ, ಒಪ್ಪಿಗೆ ಕೋರುವ ರೂಪಗಳು ಹೆಚ್ಚಾಗಿರುತ್ತವೆಂದು ರಾಬಿನ್ ಲೇಕಾಫ್ 1975ರಲ್ಲಿ ಬರೆದ ನಂತರ, ಸ್ತ್ರೀಪುರುಷರ ಸಂಭಾಷಣಾ ಶೈಲಿಗಳ ಅಧ್ಯಯನ ಒಂದು ಕ್ಷೇತ್ರವಾಗಿಯೇ ಬೆಳೆಯಿತು. ಅದರ ಫಲಿತಗಳನ್ನು ಪಮೇಲಾ ಸ್ಮೈಲಿ 1988ರಲ್ಲಿ ‘ಹೆಮಿಂಗ್ವೆ ರಿವ್ಯೂ’ ಪತ್ರಿಕೆಯಲ್ಲಿ ಈ ಕತೆಗೆ ಅನ್ವಯಿಸಿ, ಇಬ್ಬರೂ ತಮ್ಮ ತಮ್ಮ ಲಿಂಗಕ್ಕೆ ರೂಢಿಯಾದ ಭಾಷೆಯಲ್ಲಿ ಮಾತಾಡುವುದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ತಪ್ಪಾಗಿ ತಲುಪುತ್ತದೆ ಎಂಬ ನೆಲೆಯಿಂದ ಕತೆಯನ್ನು ನೋಡಿದರು. ಈ ನೋಟ ಕತೆಯ ಹಲವು ವಾಕ್ಯಗಳ ಸ್ವರವನ್ನು ಸೂಕ್ಷ್ಮವಾಗಿ ಗುರುತಿಸಲು ನೆರವಾಗುತ್ತದೆ. ಆದರೂ ಸಮಸ್ಯೆಯ ಮೂಲ ತಪ್ಪು ತಿಳಿವಳಿಕೆಯಲ್ಲಿದೆ ಎಂಬ ವಾದವನ್ನು ಒಪ್ಪುವುದು ಕಷ್ಟ. ಶಸ್ತ್ರಚಿಕಿತ್ಸೆಯಾದ ಮೇಲೆ ಎಲ್ಲ ಸರಿಹೋದ ಎಷ್ಟೋ ಜನರನ್ನು ತಾನು ಬಲ್ಲೆನೆಂದು ಅವನು ಹೇಳಿದಾಗ, ಅಂಥವರನ್ನು ತಾನೂ ಬಲ್ಲೆ, ಆಮೇಲೆ ಅವರೆಲ್ಲ ಬಹಳ ಸುಖವಾಗಿದ್ದರು ಎಂಬ ಅರ್ಥದ ಮೊನಚು ಉತ್ತರ ಕೊಡುವ ಹುಡುಗಿಗೆ ಅವನ ಮಾತು ತಪ್ಪಾಗಿ ತಲುಪಿಲ್ಲ, ಪೂರ್ತಿಯಾಗಿಯೇ ತಲುಪಿದೆ. ಅವನಿಗೂ ಅವಳ ವ್ಯಂಗ್ಯ ಅರ್ಥವಾಗಿದೆ. ಅರ್ಥವಾಗದವನಂತೆ ಮುಂದುವರಿಯುವ ಅನುಕೂಲ ಮಾತ್ರ ಅವನಿಗಿದೆ, ಅವಳಿಗಿಲ್ಲ.

ಸ್ಮೈಲಿಯವರ ನೋಟಕ್ಕಿಂತ ಸಮಾಜಶಾಸ್ತ್ರಜ್ಞೆ ಪಮೇಲಾ ಫಿಶ್‌ಮನ್ 1978ರಲ್ಲಿ ಪ್ರಕಟಿಸಿದ ಅಧ್ಯಯನ, ಅದು ಈ ಕತೆಯ ಬಗ್ಗೆ ಅಲ್ಲದಿದ್ದರೂ, ಹೆಚ್ಚು ಉಪಯುಕ್ತ. ಮೂರು ಜೋಡಿಗಳು ತಮ್ಮ ಮನೆಗಳಲ್ಲಿ ಆಡಿದ ಮಾತುಗಳ ಧ್ವನಿಮುದ್ರಣವನ್ನು ಪರಿಶೀಲಿಸಿದ ಅವರು, ಮಾತಿಗೆ ವಿಷಯಗಳನ್ನು ತರುವ ದುಡಿಮೆಯನ್ನು ಹೆಚ್ಚಾಗಿ ಹೆಂಗಸರು ಮಾಡುತ್ತಾರೆ, ಆದರೆ ಆ ವಿಷಯ ಬೆಳೆಯಬೇಕೋ ಸಾಯಬೇಕೋ ಎಂಬುದು ಗಂಡಸರ ಸ್ಪಂದನವನ್ನು ಅವಲಂಬಿಸಿರುತ್ತದೆ ಎಂದು ತೋರಿಸಿದರು. ಹುಡುಗಿ ದೂರದ ಗುಡ್ಡಗಳನ್ನು ಬಿಳಿಯಾನೆಗಳಿಗೆ ಹೋಲಿಸುವುದು ಇಂಥದೊಂದು ಪ್ರಯತ್ನ. ಬೇಡವಾದ ಭಾರವೆಂಬ ಅರ್ಥದಲ್ಲಿ ಬಿಳಿಯಾನೆ ಕನ್ನಡದ ಪತ್ರಿಕೆಗಳಿಗೂ ಪರಿಚಿತವಾದುದರಿಂದ ಅವಳ ಹೋಲಿಕೆಯ ಹಿಂದಿನ ಯೋಚನೆಯನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಅವನು ಆ ಹೋಲಿಕೆಯನ್ನು ಮುಂದುವರಿಸುವುದಿಲ್ಲ; ತಾನು ಬಿಳಿಯಾನೆಯನ್ನು ಕಂಡೇ ಇಲ್ಲವೆಂದು ಹೇಳಿ ಬಿಯರ್ ಕುಡಿಯುತ್ತಾನೆ. ನೀನು ಕಂಡಿರಲಾರೆ ಎಂದು ಅವಳು ಚುಚ್ಚಿದಾಗ, ಹಾಗೆಂದು ಸಾಧಿಸಲು ನಿನಗೆ ಪುರಾವೆಯಿಲ್ಲ ಎಂಬಂತೆ ವಾದಕ್ಕಿಳಿಯುತ್ತಾನೆ. ಕಲ್ಪನೆಯಿಂದ ಆಡಿದ ಮಾತನ್ನು ಪುರಾವೆಯ ಕಟಕಟೆಗೆ ಎಳೆಯುವ ಈ ಕ್ಷಣದಲ್ಲಿಯೇ, ಶಸ್ತ್ರಚಿಕಿತ್ಸೆಯ ಮಾತು ಬರುವುದಕ್ಕೆ ಎಷ್ಟೋ ಮುಂಚೆ, ಜಗಳ ಶುರುವಾಗಿರುತ್ತದೆ. ಕತೆಯ ಮಧ್ಯಭಾಗ ದಾಟಿದ ಮೇಲೆ, ಆ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡು ತಾನು ಇಂಥ ಹೋಲಿಕೆಗಳನ್ನು ಹೇಳಿದರೆ ನಿನಗೆ ಮತ್ತೆ ಹಿಡಿಸುವುದೇ ಎಂದು ಅವಳು ಕೇಳುತ್ತಾಳೆ. ತನ್ನ ಮಾತಿಗೆ ಕಿವಿಗೊಡುವಿಕೆಯನ್ನು ಒಂದು ಬೆಲೆ ತೆತ್ತು ಪಡೆಯಬೇಕಾಗಿದೆ ಎಂಬ ಅರಿವು ಅವಳಿಗಿದೆ. ಈ ಪ್ರಶ್ನೆಯನ್ನು ಓದಿ ಯಾರಿಗಾದರೂ ಮನಸ್ಸು ಕಲಕದಿದ್ದರೆ ಆಶ್ಚರ್ಯ.

ಕತೆಯ ಕಾಲದ ವೈದ್ಯಕೀಯ ಮತ್ತು ಕಾನೂನಿನ ಸ್ಥಿತಿಯನ್ನು ಬಹುಪಾಲು ಸಾಹಿತ್ಯ ವಿಮರ್ಶೆ ಹಿನ್ನೆಲೆಯೆಂದು ಬದಿಗಿರಿಸಿದೆ, ಆದರೆ ಅಧಿಕಾರದ ಪ್ರಶ್ನೆಯಲ್ಲಿ ಅದು ಬದಿಗಿಡುವ ಸಂಗತಿಯಲ್ಲ. 1927ರಲ್ಲಿ ಸ್ಪೇನ್ ಪ್ರಿಮೊ ದೆ ರಿವೆರಾನ ಸರ್ವಾಧಿಕಾರದ ಆಳ್ವಿಕೆಯಲ್ಲಿತ್ತು, ಗರ್ಭಪಾತ ಅಲ್ಲಿ ಶಿಕ್ಷಾರ್ಹ ಅಪರಾಧವಾಗಿತ್ತು. ನೆರೆಯ ಫ್ರಾನ್ಸ್ 1920ರಲ್ಲಿ ಗರ್ಭನಿರೋಧದ ಪ್ರಚಾರವನ್ನು ಕೂಡ ನಿಷೇಧಿಸಿತ್ತು. ಅಲೆಗ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ನನ್ನು ಗುರುತಿಸಿದ್ದು ಕತೆ ಅಚ್ಚಾದ ಮರುವರ್ಷ, ಅದು ರೋಗಿಗಳಿಗೆ ಔಷಧವಾಗಿ ವ್ಯಾಪಕವಾಗಿ ದೊರೆತದ್ದು 1940ರ ದಶಕದಲ್ಲಿ. ಎಂದರೆ ಗುಟ್ಟಾಗಿ, ಕಾನೂನಿನ ರಕ್ಷಣೆಯಿಲ್ಲದೆ, ಸೋಂಕು ತಗುಲಿದರೆ ತಡೆಯುವ ಔಷಧವಿಲ್ಲದೆ ನಡೆಯುವ ಕ್ರಿಯೆಯೊಂದನ್ನು ಆ ಅಮೆರಿಕನ್ ಒಂದಿಷ್ಟು ಗಾಳಿ ಒಳಬಿಡುವಷ್ಟು ಸಾಮಾನ್ಯವೆಂದು ಬಣ್ಣಿಸುತ್ತಿದ್ದಾನೆ. ಅಪಾಯ ಯಾರ ಮೈಮೇಲೆ ಬೀಳುವುದಿಲ್ಲವೋ ಅವರು ಅದನ್ನು ಸುಲಭವೆಂದು ಕರೆಯುವುದು ಅಧಿಕಾರದ ಬಹು ಹಳೆಯ ಭಾಷೆ. ತಾನು ಜೊತೆಗಿರುತ್ತೇನೆಂದು ಅವನು ಕೊಡುವ ಭರವಸೆಯೂ ಈ ಹಿನ್ನೆಲೆಯಲ್ಲಿ ತೆಳುವಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಕತೆಯನ್ನು ಗರ್ಭಪಾತದ ಪರ ಅಥವಾ ವಿರುದ್ಧದ ವಾದವೆಂದು ಓದುವವರು ಎರಡೂ ಪಾಳೆಯಗಳಲ್ಲಿ ಇದ್ದಾರೆ, ಆದರೆ ಹುಡುಗಿಗೆ ನಿರಾಕರಿಸಲ್ಪಟ್ಟಿರುವುದು ಮಗು ಅಥವಾ ಶಸ್ತ್ರಚಿಕಿತ್ಸೆ ಎಂಬ ಎರಡರಲ್ಲಿ ಒಂದಲ್ಲ, ಎರಡರಲ್ಲಿ ಯಾವುದು ತನಗೆ ಬೇಕೆಂದು ನಿಶ್ಚಿಂತೆಯಿಂದ ಯೋಚಿಸುವ ಅವಕಾಶ.

ನಿಲ್ದಾಣದ ಎರಡು ಬದಿಗಳ ನೋಟದ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಒಂದು ಕಡೆ ಮರವಿಲ್ಲದ ಒಣನೆಲ, ಇನ್ನೊಂದು ಕಡೆ ಪೈರಿನ ಹೊಲಗಳು, ನದೀದಂಡೆಯ ಮರಗಳು. ಹುಡುಗಿ ಎದ್ದು ನಿಲ್ದಾಣದ ತುದಿಗೆ ಹೋಗಿ ಹಸಿರಿನ ಕಡೆ ನೋಡುವಾಗ ಹೊಲದ ಮೇಲೆ ಮೋಡದ ನೆರಳು ಸರಿಯುತ್ತದೆ. ಬಂಜೆತನ ಮತ್ತು ಫಲವಂತಿಕೆ ಎಂಬ ಸಂಕೇತಗಳಾಗಿ ಇವನ್ನು ಓದುವುದು ಪಾಠಶಾಲೆಯ ಟಿಪ್ಪಣಿಗಳಿಗೂ ಇಳಿದಿರುವ ವಿವರಣೆ. ಅದಕ್ಕಿಂತ ಮುಖ್ಯವಾದುದು, ಇಡೀ ಕತೆಯಲ್ಲಿ ಅವನ ಅನುಮತಿಯಿಲ್ಲದೆ ಅವಳು ಮಾಡುವ ದೊಡ್ಡ ಚಲನೆ ಆ ನಡಿಗೆ ಎಂಬುದು. ಇದೆಲ್ಲವೂ ತಮ್ಮದಾಗಬಹುದಿತ್ತು ಎಂದು ಅವಳು ಅಲ್ಲಿ ನಿಂತು ಹೇಳಿದ್ದಕ್ಕೆ ಅವನು ಎಲ್ಲವೂ ತಮ್ಮದಾಗಬಹುದು ಎನ್ನುತ್ತಾನೆ, ಅವಳು ಪ್ರತಿಸಲವೂ ಇಲ್ಲವೆನ್ನುತ್ತಾಳೆ, ಆಮೇಲೆ ಅವನು ಅವಳನ್ನು ನೆರಳಿಗೆ ಮರಳಿ ಕರೆಯುತ್ತಾನೆ. ನೆರಳು ಅವನ ಕಡೆಗಿದೆ. ಅವಳು ಹಿಂದಿರುಗಿ ಕೂತು ಒಣಗಿದ ಗುಡ್ಡಗಳತ್ತ ನೋಡುತ್ತಾಳೆ.

ಹೆಮಿಂಗ್ವೆಯ ಇನ್ನೆರಡು ಕತೆಗಳನ್ನು ಇದರ ಪಕ್ಕದಲ್ಲಿರಿಸಿದರೆ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. 1925ರ ‘ಇನ್ ಅವರ್ ಟೈಮ್’ ಸಂಕಲನದ ‘ಕ್ಯಾಟ್ ಇನ್ ದಿ ರೇನ್’ ಕತೆಯಲ್ಲಿ ಇಟಲಿಯ ಹೋಟೆಲೊಂದರಲ್ಲಿ ತಂಗಿರುವ ಅಮೆರಿಕನ್ ಹೆಂಡತಿ ಮಳೆಯಲ್ಲಿ ಮುದುಡಿಕೊಂಡಿರುವ ಬೆಕ್ಕೊಂದನ್ನು ತರಲು ಇಳಿದುಹೋಗುತ್ತಾಳೆ, ಹಾಸಿಗೆಯ ಮೇಲೆ ಮಲಗಿ ಪುಸ್ತಕ ಓದುತ್ತಿರುವ ಗಂಡ ಕದಲುವುದಿಲ್ಲ. ಉದ್ದ ಕೂದಲು, ತನ್ನದೇ ಬೆಳ್ಳಿಯ ಊಟದ ಸಾಮಾನು, ಮೇಣದ ಬತ್ತಿಗಳು, ಬೆಕ್ಕು ಎಂದು ಅವಳು ತನ್ನ ಬಯಕೆಗಳನ್ನು ಒಂದಾದ ಮೇಲೊಂದು ಹೇಳುತ್ತ ಹೋದಾಗ ಸುಮ್ಮನಿದ್ದು ಏನಾದರೂ ಓದೆಂದು ಅವನು ಗದರುತ್ತಾನೆ. ಅವಳಿಗೆ ಅಲ್ಪಸ್ವಲ್ಪ ಇಟಾಲಿಯನ್ ಬರುತ್ತದೆ, ಹೋಟೆಲಿನ ಯಜಮಾನನೊಡನೆ ಅವಳು ತಾನೇ ಮಾತಾಡಬಲ್ಲಳು, ಕೊನೆಗೆ ಅವನು ಸೇವಕಿಯ ಕೈಯಲ್ಲಿ ಬೆಕ್ಕೊಂದನ್ನು ಕಳಿಸಿಕೊಡುತ್ತಾನೆ. ಹೊರಗಿನ ಒಬ್ಬ ಮನುಷ್ಯನನ್ನು ನೇರವಾಗಿ ತಲುಪುವ ಆ ಸಣ್ಣ ಕಿಂಡಿಯನ್ನೂ ಎರಡು ವರ್ಷಗಳ ನಂತರದ ಕತೆಯಲ್ಲಿ ಹೆಮಿಂಗ್ವೆ ಮುಚ್ಚಿದ್ದಾನೆ ಎಂಬುದನ್ನು ಗಮನಿಸಬೇಕು. ಬಾರಿನ ಹೆಂಗಸಿಗೆ ಜಿಗ್ ಕೊಡಬಲ್ಲದ್ದು ಒಂದು ನಗುವನ್ನು ಮಾತ್ರ.

ಹಾಗೆಂದು ಮೂರನೆಯವರು ಹತ್ತಿರವಿದ್ದರೆ ಹೆಣ್ಣಿಗೆ ಬಲ ಬರುತ್ತದೆಂದು ಹೇಳುವಂತಿಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಹೆಸರು ಕೊಟ್ಟ ಬಾನು ಮುಷ್ತಾಕ್ ಅವರ ಕತೆಯಲ್ಲಿ ಗಂಡ ಬೇರೆ ಹೆಣ್ಣಿನ ಪಾಲಾದಾಗ ಮೆಹರುನ್ ತವರಿಗೆ ಬರುತ್ತಾಳೆ. ಅಲ್ಲಿ ತಾಯಿ ತಂದೆ ಅಣ್ಣಂದಿರೆಲ್ಲ ಇದ್ದಾರೆ, ಎಲ್ಲರಿಗೂ ಅವಳ ಭಾಷೆ ತಿಳಿದಿದೆ, ಆದರೂ ಮನೆತನದ ಮಾನದ ಹೆಸರಿನಲ್ಲಿ ಅವಳನ್ನು ಮರಳಿ ಅದೇ ಮನೆಗೆ ಮುಟ್ಟಿಸಲಾಗುತ್ತದೆ. ಕನ್ನಡದ ಸಣ್ಣಕತೆಯಲ್ಲಿ ದಂಪತಿಗಳು ಇಬ್ಬರೇ ಇರುವುದು ಅಪರೂಪ. ಗಂಡನ ಅಧಿಕಾರವನ್ನು ಕುಟುಂಬ ಅವನ ಪರವಾಗಿ ಚಲಾಯಿಸುತ್ತದೆ, ಅವನು ಸ್ಥಳದಲ್ಲಿ ಇರಬೇಕೆಂದೂ ಇಲ್ಲ. ಹೆಮಿಂಗ್ವೆಯ ಕತೆ ಆ ಕುಟುಂಬವನ್ನು ಪೂರ್ತಿ ತೆಗೆದುಹಾಕಿದರೂ ಅಧಿಕಾರ ಉಳಿಯುತ್ತದೆ ಎಂಬುದನ್ನು ತೋರಿಸುವುದರಿಂದ, ಬಂಧನಗಳಿಲ್ಲದ ಸಂಬಂಧ ತಾನಾಗಿಯೇ ಸಮಾನ ಸಂಬಂಧವಾಗುತ್ತದೆಂಬ ನಂಬಿಕೆಗೆ ಅದು ಕೊಡುವ ಪೆಟ್ಟು ದೊಡ್ಡದು.

ಪಕ್ಕದಲ್ಲಿರಿಸಬೇಕಾದ ಹೆಮಿಂಗ್ವೆಯ ಎರಡನೆಯ ಕತೆ 1931ರ ‘ದಿ ಸೀ ಚೇಂಜ್’. ಪ್ಯಾರಿಸ್‌ನ ಬಾರೊಂದರಲ್ಲಿ ಕುಳಿತಿರುವ ಜೋಡಿಯಲ್ಲಿ ಇಲ್ಲಿ ಬಿಟ್ಟುಹೋಗುತ್ತಿರುವವಳು ಹೆಣ್ಣು, ಇನ್ನೊಬ್ಬ ಹೆಣ್ಣಿಗಾಗಿ. ಮೇಲ್ನೋಟಕ್ಕೆ ತಕ್ಕಡಿ ಅವಳ ಕಡೆಗೆ ವಾಲಿದೆ, ಆದರೆ ಅವಳ ಒಲವಿಗೆ ಹೆಸರಿಡುವ ಹಟ ಗಂಡಸಿನದು. ಅವನು ಅದಕ್ಕೆ ನಿಂದೆಯ ಹೆಸರೊಂದನ್ನು ಬಳಸುತ್ತಾನೆ, ಹೆಸರಿಡುವ ಅಗತ್ಯವೇ ಇಲ್ಲವೆಂದು ಅವಳು ಬೇಡಿಕೊಳ್ಳುತ್ತಾಳೆ, ಅವನು ಬಿಡುವುದಿಲ್ಲ. ಎಬ್ರೋ ಕಣಿವೆಯ ಅಮೆರಿಕನ್ ಹೆಸರಿಡದೆ ಗೆಲ್ಲಲು ನೋಡಿದರೆ ಪ್ಯಾರಿಸ್‌ನ ಗಂಡಸು ಹೆಸರಿಟ್ಟು ಗೆಲ್ಲಲು ನೋಡುತ್ತಾನೆ. ಈ ಎರಡನ್ನು ಒಟ್ಟಿಗೆ ಓದಿದಾಗ, ಅಧೀನರಾದವರು ಮೌನವಾಗಿರುತ್ತಾರೆ, ಬಲವುಳ್ಳವರು ಮಾತಾಡುತ್ತಾರೆ ಎಂಬ ಸರಳ ಸೂತ್ರ ಸಾಲದೆಂಬುದು ತಿಳಿಯುತ್ತದೆ. ಯಾವುದು ಮಾತಾಗಬೇಕು, ಯಾವುದು ಮೌನವಾಗಿಯೇ ಇರಬೇಕು ಎಂದು ಗೊತ್ತುಪಡಿಸುವುದರಲ್ಲಿ ಬಲವಿದೆ. ಇನ್ನು ಮಾತು ಬೇಡವೆಂದು ಜಿಗ್ ಒಂದೇ ಉಸಿರಿನಲ್ಲಿ ಏಳು ಬಾರಿ ದಯವಿಟ್ಟು ಎಂದು ಬೇಡುವುದು ಈ ಹಕ್ಕಿಗಾಗಿಯೇ; ಅವಳು ಮೌನಕ್ಕೆ ಶರಣಾಗುತ್ತಿಲ್ಲ, ಅದನ್ನು ತನ್ನ ಆಯ್ಕೆಯಾಗಿ ಪಡೆಯಲು ಯತ್ನಿಸುತ್ತಿದ್ದಾಳೆ.

ಕೊನೆಯ ತೀರ್ಮಾನದ ಬಗ್ಗೆ ಮೂರು ಅಭಿಪ್ರಾಯಗಳು ಚಾಲ್ತಿಯಲ್ಲಿವೆ. ಅವಳು ಸೋತು ಶಸ್ತ್ರಚಿಕಿತ್ಸೆಗೆ ಹೋಗುತ್ತಾಳೆಂಬುದು ಹಳೆಯದು, ಏನಾಗುತ್ತದೆಂದು ಹೇಳಲು ಕತೆ ಎಡೆಗೊಡುವುದಿಲ್ಲವೆಂಬುದು ಎಚ್ಚರಿಕೆಯದು. ಮೂರನೆಯದನ್ನು ಸ್ಟ್ಯಾನ್ಲಿ ರೆನ್ನರ್ 1995ರ ಲೇಖನದಲ್ಲಿ ಮಂಡಿಸಿದರು: ಬ್ಯಾಗುಗಳನ್ನು ಅವನು ಹೊತ್ತುಕೊಂಡು ನಿಲ್ದಾಣದ ಇನ್ನೊಂದು ಬದಿಗೆ ಇಡುವುದು ಅವನು ಅವಳ ಇಚ್ಛೆಗೆ ಮಣಿದುದರ ಗುರುತು, ಆದ್ದರಿಂದ ಅವಳು ಮಗುವನ್ನು ಉಳಿಸಿಕೊಳ್ಳುತ್ತಾಳೆ. ಹುಡುಗಿಯನ್ನು ಬಲಿಪಶುವಾಗಿ ಮಾತ್ರ ನೋಡುವ ರೂಢಿಯನ್ನು ಈ ವಾದ ಮುರಿದದ್ದು ಅದರ ದೊಡ್ಡ ಗುಣ. ಆದರೆ ಐದು ನಿಮಿಷದಲ್ಲಿ ಬರಲಿರುವ ರೈಲನ್ನು ಹತ್ತಲು ಬ್ಯಾಗುಗಳು ಹೇಗಿದ್ದರೂ ಆ ಹಳಿಯ ಬಳಿಗೆ ಹೋಗಲೇಬೇಕಾಗಿರಬಹುದು, ಮತ್ತು ಅವನ್ನಿಟ್ಟು ಮರಳುವ ಅವನ ನಡತೆಯಲ್ಲಿ ಸೋಲೊಪ್ಪಿದವನ ಲಕ್ಷಣ ಕಾಣುವುದಿಲ್ಲ. ಅವನು ಬಾರಿನೊಳಗೆ ನಿಂತು ಒಬ್ಬನೇ ಒಂದು ಲೋಟ ಕುಡಿಯುತ್ತಾನೆ, ಅಲ್ಲಿನ ಜನರೆಲ್ಲ ವಿವೇಕದಿಂದ ರೈಲಿಗಾಗಿ ಕಾಯುತ್ತಿದ್ದಾರೆಂದು ಅವನಿಗೆ ಅನಿಸುತ್ತದೆ. ಹೊರಗಿನಿಂದಷ್ಟೇ ನೋಡುತ್ತ ಬಂದ ನಿರೂಪಣೆ ಇಲ್ಲಿ ಅವನ ಎಣಿಕೆಗೆ ಸಮೀಪವಾಗುತ್ತದೆ, ಹೊರಗೆ ಕುಳಿತವಳು ವಿವೇಕದಿಂದ ಕಾಯುತ್ತಿಲ್ಲವೆಂಬ ದೂರು ಆ ಎಣಿಕೆಯಲ್ಲಿ ಅಡಗಿದೆ. ಅವನು ಹೊರಬಂದು ಈಗ ಹೇಗಿದೆ ಎಂದು ಕೇಳುವ ಪ್ರಶ್ನೆಯೂ ಅವಳ ವಿರೋಧವನ್ನು ಮೈಗೆ ಬಂದ ಒಂದು ಅಸ್ವಸ್ಥತೆಯಾಗಿ ಮಾಡಿಬಿಡುತ್ತದೆ. ತನಗೇನೂ ಆಗಿಲ್ಲ, ತಾನು ಚೆನ್ನಾಗಿದ್ದೇನೆ ಎಂಬ ಅವಳ ಉತ್ತರವನ್ನು ಶರಣಾಗತಿಯೆಂದು ಓದಿದವರೂ ವಿಜಯವೆಂದು ಓದಿದವರೂ ಆ ಮಾತಿನ ಗುರಿಯನ್ನು ಬಿಟ್ಟಿದ್ದಾರೆ. ಅವಳು ಅಲ್ಲಿ ನಿರಾಕರಿಸುತ್ತಿರುವುದು ಅವನು ಕೊಡಮಾಡಿದ ರೋಗಿಯ ಸ್ಥಾನವನ್ನು, ಮತ್ತು ಆ ನಿರಾಕರಣೆ ಶಸ್ತ್ರಚಿಕಿತ್ಸೆಗೆ ಹೋದರೂ ಹೋಗದಿದ್ದರೂ ಒಂದೇ ಬಗೆಯಾಗಿ ನಿಲ್ಲುತ್ತದೆ. ಹೀಗಾಗಿ ಮಗುವಿನ ಗತಿಯೇನೆಂಬ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಮುಗಿಯುವ ಚರ್ಚೆ, ಅಧಿಕಾರದ ಪ್ರಶ್ನೆಯನ್ನು ಮುಟ್ಟುವ ಮೊದಲೇ ನಿಂತುಹೋಗಿರುತ್ತದೆ.